ಗಿಡುಗ ಉಣ್ಣುವ ಹೊತ್ತು

ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಯುಗಾದಿ ಕಳೆದು ಎಂಟನೆಯ ದಿನ, ಮಂಗಳವಾರ. ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ ಕೂಡಲೇ ಕೈಗಡಿಯಾರ ನೋಡಿ ಹೊತ್ತನ್ನು ಗಟ್ಟಿಯಾಗಿ ಹೇಳುವುದು ನನ್ನ ಅಭ್ಯಾಸವಾಗಿತ್ತು. ಹಾಗಾಗಿ ಆ ಹೊತ್ತು ನನಗೆ ಖಚಿತವಾಗಿ ಗೊತ್ತು. ಹೇಳಿ ಮುಗಿಸಿ ತಲೆಯೆತ್ತಿದೆ. ಎದುರಿಗೆ ನಿಂತಿದ್ದ ಮುನಿಯಪ್ಪನಿಗೆ, ಇವತ್ತೊಂದು ದಿನ ಕೂಗು ಹಾಕಬೇಡಿ ಎಂದೆ. ಮುಂದೆ ಆದದ್ದೆಲ್ಲ ಆ ಮಾತಿನಿಂದ ಆದದ್ದು.

ಇಷ್ಟು ವರ್ಷ ಇದನ್ನು ಬರೆದಿರಲಿಲ್ಲ. ಹೋದ ತಿಂಗಳು ರಾಮನಗರದಿಂದ ಕನಕಪುರಕ್ಕೆ ಬಸ್ಸಿನಲ್ಲಿ ಹೋಗುವಾಗ, ರಸ್ತೆ ಅಗಲ ಮಾಡುವವರು ಒಂದು ಬಂಡೆಗೆ ಮದ್ದಿಟ್ಟು ವಾಹನಗಳನ್ನೆಲ್ಲ ತಡೆದು ನಿಲ್ಲಿಸಿದ್ದರು. ಸಿಡಿದ ಸದ್ದಿಗೆ ನಾನು ಬೆಚ್ಚಲಿಲ್ಲ. ಆಮೇಲೆ ಕಿಟಕಿಯಿಂದ ಸುಟ್ಟ ಗಂಧಕದ ಮತ್ತು ಬಿಸಿ ಕಲ್ಲುಪುಡಿಯ ವಾಸನೆ ಒಳಗೆ ಬಂತು. ಮೈ ಬೆವರಿ ಅಂಗಿ ಬೆನ್ನಿಗೆ ಅಂಟಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖ ನೋಡಿ, 'ಸುಗರ್ ಐತಾ ಅಣ್ಣಾ? ಒಸಿ ನೀರ್ ಕುಡೀರಿ' ಎಂದು ಬಾಟಲಿ ಕೊಟ್ಟಳು. ನೀರು ಕುಡಿದೆ. ಕನಕಪುರದಲ್ಲಿ ಇಳಿಯುವವರೆಗೂ ನನ್ನ ಬೆರಳು ಒಂದು, ಎರಡು, ಮೂರು ಎಂದು ಮಂಡಿಯ ಮೇಲೆ ಎಣಿಸುತ್ತಲೇ ಇತ್ತು.

ಆಗ ನಾನು ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಸೀಟಿಗೆ ಅರ್ಜಿ ಹಾಕಿ, ಚನ್ನಪಟ್ಟಣದ ಮನೆಯಲ್ಲಿ ಕಾಯುತ್ತಿದ್ದೆ. ಗೆಳೆಯ ನಯಾಜ್ ರಾಮನಗರದವನು, ಕಾಲೇಜಿನಲ್ಲಿ ಮೂರು ವರ್ಷ ನನ್ನ ಬೆಂಚಿನಲ್ಲೇ ಕೂತವನು. ಅವರ ಮನೆಯಲ್ಲಿ ಎಲ್ಲರೂ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವವರು. ಇವನಿಗೆ ಆ ಬಿಸಿನೀರಿನ ಮುಂದೆ ಕೂರುವುದು ಬೇಡವಾಗಿ, ಭುಜದ ಮೇಲೆ ಹೊರುವಂಥ ದೊಡ್ಡ ವಿಡಿಯೊ ಕ್ಯಾಮೆರಾ ಕೊಂಡು ಮದುವೆಗಳಿಗೆ ಹೋಗುತ್ತಿದ್ದ. ಮದುವೆ ಇಲ್ಲದ ದಿನ ಬೆಟ್ಟಗಳಿಗೆ ಹೋಗುತ್ತಿದ್ದ. ಬೆಂಗಳೂರಿನಲ್ಲಿ ಯಾರೋ ಪ್ರಾಣಿ ಪಕ್ಷಿಗಳ ಕಿರುಚಿತ್ರಗಳ ಸ್ಪರ್ಧೆ ಇಟ್ಟಿದ್ದಾರೆಂದು ಆ ವರ್ಷ ಅವನಿಗೆ ಗೊತ್ತಾಯಿತು.

'ದೊಡ್ಡ ಹದ್ದು ಎಲ್ರೂ ತೆಗೀತಾರೆ ಕಣ್ಲಾ ಪುಟ್ಟಸ್ವಾಮಿ' ಎಂದ. 'ನಾವು ಚಿಕ್ದ್ ತೆಗ್ಯಾಣ. ಅದು ಉಣ್ಣೋದ್ನ, ಹತ್ತ್ರದಿಂದ. ಚಿತ್ರ ನಂದು, ಸದ್ದು ನಿಂದು.'

ಚಿಕ್ಕದು ಎಂದರೆ ಶಿಕ್ರ. ಪಾರಿವಾಳದಷ್ಟೇ ಗಾತ್ರದ ಗಿಡುಗ. ಬೂದು ಬೆನ್ನು, ಎದೆಯ ಮೇಲೆ ತೆಳು ಕಂದು ಗೆರೆಗಳು, ಗಂಡಿಗೆ ಕೆಂಡದ ಹಾಗೆ ಕೆಂಪು ಕಣ್ಣು. ಕನಕಪುರದ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ ಒಂದು ಸಣ್ಣ ಕಲ್ಲುಗಣಿ ಇತ್ತು. ಅದರ ಅಂಚಿನಲ್ಲಿ ಒಂದು ಚಪ್ಪಟೆ ಬಂಡೆ. ಆ ಗಿಡುಗ ದಿನವೂ ಓತಿಕ್ಯಾತವನ್ನೋ ಇಲಿಮರಿಯನ್ನೋ ತಂದು ಆ ಬಂಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ನಯಾಜ್ ನೋಡಿಟ್ಟಿದ್ದ. ಬಂಡೆಯ ಮೇಲೆ ಸಣ್ಣ ಮೂಳೆ, ಒಣಗಿದ ಬಾಲಗಳು ಬಿದ್ದಿರುತ್ತಿದ್ದವು. ಅದಕ್ಕೆ ಇಪ್ಪತ್ತು ಅಡಿ ದೂರದಲ್ಲಿ, ಒಂದು ಗುಂಡುಕಲ್ಲಿನ ಮರೆಗೆ ನಾವು ಸೊಪ್ಪು ಸದೆ ಹೊದಿಸಿ ಗೂಡು ಕಟ್ಟಿಕೊಂಡೆವು. ಮೈಕನ್ನು ಬಂಡೆಯ ಬುಡದಲ್ಲೇ ಬಚ್ಚಿಟ್ಟು ವೈರನ್ನು ಗೂಡಿನವರೆಗೆ ಎಳೆದೆವು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಆ ಬಂಡೆಯ ಮೇಲೆ ಇರುವೆ ಹರಿದರೂ ಕೇಳುತ್ತದೇನೋ ಎನಿಸುತ್ತಿತ್ತು.

ಗಣಿಯಲ್ಲಿ ಏಳು ಜನ ಕಲ್ಲು ಒಡೆಯುತ್ತಿದ್ದರು. ಮನೆಯಲ್ಲಿ ತೆಲುಗು, ನಮ್ಮ ಹತ್ತಿರ ಕನ್ನಡ. ಬೆಳಗಿನಿಂದ ಸುತ್ತಿಗೆ, ಉಳಿಯ ಸದ್ದು. ಹನ್ನೊಂದೂವರೆಗೆ ಸುತ್ತಿಗೆಗಳು ನಿಲ್ಲುತ್ತಿದ್ದವು. ಕೊರೆದ ಕುಳಿಗಳಿಗೆ ಮದ್ದು ತುಂಬಿ, ಊಟಕ್ಕೆ ಮುಂಚೆ ಸಿಡಿಸಿ, ಧೂಳು ಕೂರುವ ಹೊತ್ತಿನಲ್ಲಿ ಉಂಡು ಮುಗಿಸುವುದು ಅಲ್ಲಿಯ ಕ್ರಮ. ಸುತ್ತಿಗೆ ನಿಂತದ್ದೇ ತಡ, ಬಿಸಿ ಕಲ್ಲುಗಳ ಸಂದಿನಿಂದ ಓತಿಗಳು ಹೊರಗೆ ಬರುತ್ತಿದ್ದವು. ಶಿಕ್ರ ಎಲ್ಲಿತ್ತೋ ಏನೋ, ಕಲ್ಲೆಸೆದ ಹಾಗೆ ಬಂದು ಒಂದನ್ನು ಎತ್ತಿಕೊಂಡು ಬಂಡೆಯ ಮೇಲೆ ಕೂರುತ್ತಿತ್ತು. ಅದು ಮೊದಲ ತುತ್ತು ಹರಿಯುವಷ್ಟರಲ್ಲಿ ಕೂಗು ಶುರುವಾಗುತ್ತಿತ್ತು.

ಕೂಗು ಹಾಕುವುದು ಮುನಿಯಪ್ಪನ ಕೆಲಸ. ಬತ್ತಿಗೆ ಬೆಂಕಿ ಮುಟ್ಟಿಸುವವನೇ ಕೂಗಬೇಕೆಂಬುದು ಅವರ ಪದ್ಧತಿ. ಗಣಿಯ ನೆತ್ತಿಯ ಮೇಲೆ ನಿಂತು, ಕೈ ಕಿವಿಗಿಟ್ಟು, 'ಮದ್ದೂ...' ಎಂದು ನಾಲ್ಕೂ ದಿಕ್ಕಿಗೆ ತಿರುಗಿ ಮೂರು ಸಲ ಎಳೆದು ಕೂಗುತ್ತಿದ್ದ. ಆ ಕಡೆಯಿಂದ ಈ ಕಡೆಯಿಂದ 'ಓ...' ಎಂದು ಏನೇನೋ ಸದ್ದು ಮರಳುತ್ತಿತ್ತು. ಅದರಲ್ಲಿ ಅರ್ಧ ಬೆಟ್ಟದ ಪ್ರತಿಧ್ವನಿ, ಇನ್ನರ್ಧ ಕುರಿ ಮೇಯಿಸುವವರ ತಮಾಷೆ ಎಂದು ನಾನು ತಿಳಿದಿದ್ದೆ. ನನಗೆ ಬೇಕಾದದ್ದು ಗಿಡುಗ ಮೂಳೆ ಮುರಿಯುವ ಸದ್ದು. ಕೂಗಿಗೆ ಅದು ಹಾರಿಹೋಗುತ್ತಿತ್ತು. ಆರು ದಿನ ಹೀಗೇ ಆಯಿತು. ನನ್ನ ಟೇಪಿನಲ್ಲಿ ಆರು ಸಲ ಮುನಿಯಪ್ಪನ ಗಂಟಲು ಮಾತ್ರ ಇತ್ತು.

ಮುನಿಯಪ್ಪನ ಹೆಂಡತಿ ಗಂಗಮ್ಮ ಮಧ್ಯಾಹ್ನದ ಬುತ್ತಿ ತರುತ್ತಿದ್ದಳು. ಬೆಟ್ಟದ ಹಿಂದಿನ ಕಾಲುದಾರಿಯಲ್ಲಿ, ಆ ಚಪ್ಪಟೆ ಬಂಡೆಯ ಕೆಳಗೇ ಹಾಯ್ದು, ಪೊದೆಗಳ ಮರೆಯಲ್ಲಿ ಬರುತ್ತಿದ್ದಳು. ಮೊದಲ ದಿನವೇ ನಮ್ಮ ಗೂಡಿನೊಳಗೆ ಬಗ್ಗಿ ನೋಡಿ ಬಾಯಿ ಮೇಲೆ ಸೆರಗಿಟ್ಟುಕೊಂಡು ನಕ್ಕಿದ್ದಳು.

'ಇಷ್ಟ್ ದೊಡ್ಡ್ ಮಿಷನ್ ತಂದು ಆ ಗಿಡುಗ ಉಣ್ಣೋದ್ ನೋಡ್ತಾ ಕುಂತಿದ್ದೀರಾ? ನಮ್ಮ್ ಯಜಮಾನ ಮುದ್ದೆ ನುಂಗೋದ್ ತೆಗೀರಿ. ಅದಕ್ಕಿಂತ ಜೋರಾಗಿರ್ತದೆ.'

'ಅವ್ರು ಕಚ್ಕೊಂಡ್ ಹಾರ್ಹೋಗಲ್ವಲ್ಲಕ್ಕ' ಎಂದ ನಯಾಜ್.

'ಹಾರ್ಹೋದ್ರೆ ನಾನೂ ಒಸಿ ಪುರ್ಸೊತ್ತಾಗಿರ್ತಿದ್ದೆ' ಎಂದು ನಮಗೂ ಒಂದೊಂದು ಮುದ್ದೆ, ಹುರುಳಿಕಾಳಿನ ಸಾರು ಬಿಟ್ಟು ಹೋದಳು.

ಆರನೆಯ ದಿನ ನಯಾಜ್ ಗಣಿಯ ಮೇಸ್ತ್ರಿಯನ್ನು, ಮದ್ದು ಸಿಡಿಸುವುದನ್ನು ಹತ್ತು ನಿಮಿಷ ತಡ ಮಾಡಿ ಎಂದು ಕೇಳಿದ. ಮೇಸ್ತ್ರಿ, 'ಗಿಡುಗ ಉಂಡು ಕೈತೊಳ್ಕಳ್ಳಿ ಅಂತ ಲಾರಿ ನಿಲ್ಲುಸ್ಲಾ?' ಎಂದು ಎಲ್ಲರ ಮುಂದೆ ನಗೆಯಾಡಿಬಿಟ್ಟ. ನಯಾಜ್ ಅಲ್ಲಿಗೆ ಸುಮ್ಮನಾದ. ನಾನು ಸುಮ್ಮನಾಗಲಿಲ್ಲ. ಮರುದಿನ ಮೇಸ್ತ್ರಿ ಲಾರಿಯ ಹತ್ತಿರ ಇದ್ದಾಗ ಮುನಿಯಪ್ಪನನ್ನು ಗೂಡಿಗೆ ಕರೆಸಿ ಕೇಳಿದೆ.

'ಕೂಗ್ದೆ ಹೆಂಗ್ ಸಾರ್?' ಎಂದ.

ಕೆಂಪು ಟವೆಲ್ ಬೀಸಿ, ಸಾಕು ಎಂದೆ. ಕೆಲಸದವರೆಲ್ಲ ಇಲ್ಲೇ ಕಣ್ಣೆದುರಿಗೇ ಇದ್ದಾರಲ್ಲ ಎಂದೆ. ಅವನು ತಿರುಗಿ ತಲೆ ಎಣಿಸಿದ. ತನ್ನದೂ ಸೇರಿ ಏಳೂ ಇದ್ದವು.

'ಗಂಗಮ್ಮ?' ಎಂದು ಕೇಳಿದವನು ನಯಾಜ್.

'ಅವ್ಳು ರೇಷನ್ ಅಂಗ್ಡೀಗ್ ಹೋಗವ್ಳೆ. ಸೀಮೆಣ್ಣೆ ಕೊಡ್ತಾರಂತೆ. ಹನ್ನೆರಡೂವರೆಗ್ ಮುಂಚೆ ಬರಾಕಿಲ್ಲ.' ಮುನಿಯಪ್ಪ ಕತ್ತು ಕೆರೆದುಕೊಂಡ. ಕಾಲೇಜು ಓದಿದವರು, ಕ್ಯಾಮೆರಾ ಇರುವವರು, ಆರು ದಿನದಿಂದ ತನ್ನನ್ನು 'ಮುನಿಯಪ್ಪನವರೇ' ಎಂದು ಕರೆದವರು ಕೇಳುತ್ತಿದ್ದೇವೆ. ಅವನಿಗೆ ಇಲ್ಲ ಎನ್ನಲು ಆಗಲಿಲ್ಲ. 'ಬತ್ತಿ ಒಸಿ ಉದ್ದ ಬುಡ್ತೀನಿ. ನಿಮ್ ಹಕ್ಕಿ ಉಣ್ಕಳ್ಳಿ' ಎಂದು ಹೋದ.

ಹನ್ನೊಂದೂವರೆಗೆ ಸುತ್ತಿಗೆ ನಿಂತಿತು. ಗಿಡುಗ ಬಂತು. ಕಾಲಿನಡಿ ಓತಿಕ್ಯಾತ ಇನ್ನೂ ಬಾಲ ಬಡಿಯುತ್ತಿತ್ತು. ನೆತ್ತಿಯ ಮೇಲೆ ಮುನಿಯಪ್ಪ ಟವೆಲ್ ಬೀಸಿದ್ದು, ಬಗ್ಗಿ ಬೀಡಿಯಿಂದ ಬತ್ತಿಗೆ ಕಿಡಿ ಮುಟ್ಟಿಸಿದ್ದು, ಓಡಿ ಮರೆಯಾದದ್ದು ಎಲ್ಲ ಕಂಡಿತು. ಯಾರೂ ಕೂಗಲಿಲ್ಲ. ಆ ಬೆಟ್ಟದಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಗಿಡುಗ ಓತಿಯ ತಲೆಗೆ ಕೊಕ್ಕು ಹಾಕಿ ಎಳೆಯಿತು. ಚರ್ಮ ಹರಿಯುವ ಸದ್ದು ಹಳೆಯ ಬಟ್ಟೆ ಹರಿದಂತೆ ಕಿವಿಯೊಳಗೆ ಬಂತು. ಮೂಳೆ ಚಿಟ್ಟೆಂದು ಮುರಿಯಿತು. ನಯಾಜ್ ಉಸಿರು ಬಿಗಿಹಿಡಿದು ಕ್ಯಾಮೆರಾಕ್ಕೆ ಕಣ್ಣು ಒತ್ತಿದ್ದ. ನಾನು ಸಂತೋಷದಿಂದ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

ಆಗ ಆ ಮೂಳೆ ಮುರಿಯುವ ಸದ್ದಿನ ಹಿಂದೆ ಇನ್ನೊಂದು ಸದ್ದು ಬಂತು. ಯಾರೋ ಗುನುಗುತ್ತಿದ್ದರು. ಜೊತೆಗೆ ಗಾಜಿನ ಬಳೆಯ ಸಣ್ಣ ಸದ್ದು, ಒಣ ಎಲೆಯ ಮೇಲೆ ಹೆಜ್ಜೆ. ಮೈಕು ಕಾಲುದಾರಿಯ ನೆತ್ತಿಯ ಮೇಲೇ ಇದ್ದದ್ದರಿಂದ ಅದು ನನ್ನೊಬ್ಬನಿಗೆ ಮಾತ್ರ ಕೇಳಿಸಿತು. ಯಾರು ಎಂದು ಗೊತ್ತಾಯಿತು. ಗೊತ್ತಾದ ಮೇಲೂ ನಾನು ಬಾಯಿ ತೆರೆಯಲಿಲ್ಲ. ಗಿಡುಗ ಎರಡನೆಯ ತುತ್ತಿಗೆ ಬಗ್ಗುತ್ತಿತ್ತು. ಈ ತುತ್ತೊಂದು ಆಗಲಿ ಎಂದು ಮನಸ್ಸು ಅಂದುಕೊಂಡಿತು. ಹಾಗೆಂದೇ ಅಂದುಕೊಂಡಿತು, ಅದನ್ನು ಬೇರೆ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ.

ಮೂರು ಸೆಕೆಂಡಿರಬೇಕು. ಆಮೇಲೆ 'ಗಂಗಮ್ಮಾ!' ಎಂದು ಕಿರುಚಿದೆ. ಗಿಡುಗ ಓತಿಯನ್ನು ಬಿಟ್ಟು ಹಾರಿತು. ಗುನುಗು ನಿಂತಿತು. ಹೆಜ್ಜೆಯೂ ನಿಂತಿತು. ಅವಳು ನನ್ನ ದನಿ ಬಂದ ಕಡೆಗೆ ತಿರುಗಿ, 'ಏನ್ ಸಾರ್?' ಎಂದಳು.

ಭೂಮಿ ಒಮ್ಮೆ ಎದ್ದು ಕೂತ ಹಾಗಾಯಿತು. ಗೂಡಿನ ಸೊಪ್ಪನ್ನು ಹರಿದುಕೊಂಡು ತೆಂಗಿನಕಾಯಿಯಷ್ಟು ದೊಡ್ಡ ಕಲ್ಲೊಂದು ನಯಾಜನಿಗೂ ನನಗೂ ನಡುವೆ ಬಿದ್ದು ಹೂತುಕೊಂಡಿತು. ಒಂದು ಗೇಣು ಈಚೆ ಬಿದ್ದಿದ್ದರೆ ಇದನ್ನು ಬರೆಯುವವರು ಇರುತ್ತಿರಲಿಲ್ಲ. ಧೂಳು, ಗಂಧಕ. ಹೆಡ್‌ಫೋನು ಇನ್ನೂ ಕಿವಿಯಲ್ಲೇ ಇತ್ತು. ಅದರಲ್ಲಿ ಕಲ್ಲಿನ ಚೂರುಗಳು ಮಳೆಯಂತೆ ಉದುರುವ ಸದ್ದು ಮುಗಿದ ಮೇಲೆ ಒಂದು ಹೆಣ್ಣು ದನಿ, ಅಳುವಲ್ಲ, ಉಸಿರು ಸಿಕ್ಕದ ಕೂಸಿನ ಹಾಗೆ, 'ಅಪ್ಪ, ಅಪ್ಪ, ಅಪ್ಪ' ಎನ್ನುತ್ತಿತ್ತು.

ರೇಷನ್ ಅಂಗಡಿ ಬಾಗಿಲು ಹಾಕಿತ್ತಂತೆ. ಅದಕ್ಕೇ ಬೇಗ ಬಂದಳು. ಅದು ನನಗೆ ಆಮೇಲೆ ಗೊತ್ತಾಯಿತು. ಅದಕ್ಕಿಂತ ಕೆಟ್ಟದ್ದು ಲಾರಿಯಲ್ಲಿ ಅವಳನ್ನು ಮಲಗಿಸಿಕೊಂಡು ರಾಮನಗರದ ಆಸ್ಪತ್ರೆಗೆ ಹೋಗುವಾಗ ಗೊತ್ತಾಯಿತು. ಅವಳು ಕಣ್ಣು ಮುಚ್ಚಿಕೊಂಡೇ ಗಂಡನನ್ನು, 'ಯಾಕ್ ಕೂಗ್ನಿಲ್ಲ? ನಾನು ಓ ಅನ್ತಿದ್ನಲ್ಲ' ಎಂದು ಕೇಳಿದಳು. ಬೆಟ್ಟದಲ್ಲಿ ಎಲ್ಲಿದ್ದವರೂ ಕೂಗಿಗೆ ಓ ಎನ್ನಬೇಕು. ಓ ಬಂದ ದಿಕ್ಕು, ದೂರ ನೋಡಿ ಅವನು ಬೆಂಕಿ ಮುಟ್ಟಿಸಬೇಕು ಅಥವಾ ತಡೆಯಬೇಕು. ಮೂರು ಕೂಗಿನ ನಡುವೆ ಅವನು ನಿಲ್ಲುತ್ತಿದ್ದದ್ದು ಅದಕ್ಕೆ. ನಾನು ಪ್ರತಿಧ್ವನಿ ಎಂದುಕೊಂಡದ್ದು ಅವರ ಹಾಜರಿ. ಕೂಗು ಕೇಳದಿದ್ದರೆ ಇವತ್ತು ಮದ್ದಿಲ್ಲ, ದಾರಿ ತೆರೆದಿದೆ ಎಂದು ಅರ್ಥ. ಪೊದೆಯ ಆಚೆ ಇರುವವರಿಗೆ ಟವೆಲ್ ಕಾಣುವುದಿಲ್ಲ, ಟವೆಲ್ಲಿಗೆ ಯಾರೂ ಓ ಎನ್ನುವುದೂ ಇಲ್ಲ.

ರಾಮನಗರದಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು, ಅಲ್ಲಿ ಅವಳ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ನಯಾಜ್ ರಕ್ತ ಕೊಟ್ಟ. ಹೊರಗೆ ಬೆಂಚಿನ ಮೇಲೆ ಪೊಲೀಸಿನವರು ಹೇಳಿಕೆ ಬರೆದುಕೊಂಡರು. ಮುನಿಯಪ್ಪನನ್ನು ಕೇಳಿದರೆ ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, 'ಕೂಗೋದ್ ಮರ್ತೆ ಸಾಮಿ' ಎಂದ. ಆಮೇಲೆ ನನ್ನನ್ನು ಕೇಳಿದರು. ಬಿ.ಎಡ್. ಸೀಟು, ಅಪ್ಪನ ಮುಖ, ಲಾಕಪ್ಪು, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂತು. 'ನಾವು ಗುಂಡುಕಲ್ಲಿನ ಹಿಂದೆ ಇದ್ದೆವು. ಕೂಗು ಕೇಳಿಸಲಿಲ್ಲ' ಎಂದು ಹೇಳಿ ಸಹಿ ಹಾಕಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ರಕ್ತ ಕೊಟ್ಟು ಒಳಗೆ ಮಲಗಿದ್ದ ನಯಾಜನನ್ನು ಯಾರೂ ಕೇಳಲಿಲ್ಲ.

ಅವತ್ತಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಬಳೆ ಸದ್ದು, ನಂತರ ಒಂದು, ಎರಡು, ಮೂರು. ನಾನು ಕೂಗದೆ ಇದ್ದಿದ್ದರೆ ಅವಳು ನಡೆದುಕೊಂಡೇ ಹೋಗಿ ಬಂಡೆಯ ಮರೆಗೆ ಸೇರಿರುತ್ತಿದ್ದಳೇ? ಮೂರು ಸೆಕೆಂಡು ಮುಂಚೆ ಕೂಗಿದ್ದರೆ ಹಿಂದಕ್ಕೆ ಓಡಿರುತ್ತಿದ್ದಳೇ? ನಾನು ಕೂಗಿದ್ದಕ್ಕೇ ನಿಂತಳು, ನಿಂತದ್ದಕ್ಕೇ ಕಲ್ಲು ಬಿತ್ತು. ಬೆಳಗಿನ ಜಾವ ಮಗ್ಗುಲ ಮಸೀದಿಯ ಅಜಾನ್ ಕೇಳಿದ ಮೇಲೆ ಅರ್ಧ ಗಂಟೆ ಜೋಂಪು ಹತ್ತಿದರೆ ಹೆಚ್ಚು. ಅಮ್ಮ ತೋಳಿಗೆ ಯಂತ್ರ ಕಟ್ಟಿಸಿದಳು. ಟೇಪನ್ನು ಟ್ರಂಕಿನ ತಳದಲ್ಲಿ ಬಟ್ಟೆಯೊಳಗೆ ಸುತ್ತಿಟ್ಟಿದ್ದೆ. ಮತ್ತೆ ಹಾಕಿ ಕೇಳುವ ಧೈರ್ಯ ಇರಲಿಲ್ಲ.

ಹದಿನೈದು ದಿನದ ಮೇಲೆ ನಯಾಜ್ ಚನ್ನಪಟ್ಟಣಕ್ಕೆ ಬಂದ. ಒಳಗೆ ಬಾ ಎಂದರೆ ಬರಲಿಲ್ಲ. ಬೀದಿಯಲ್ಲೇ ನಿಂತು ಹೇಳಿದ.

'ಗಣೀಲಿ ಮುನಿಯಪ್ಪನ ಕೈಗೆ ಬತ್ತಿ ಕೊಡ್ತಿಲ್ಲ ಕಣ್ಲಾ. ಸುತ್ತ ಯಾವ್ ಗಣೀಲೂ ಕೊಡ್ತಿಲ್ಲ. ಹೆಂಡ್ತಿಗೇ ಕೂಗ್ದಿರೋನು ನಮಗ್ ಕೂಗ್ತಾನಾ ಅಂತವ್ರೆ. ಜಲ್ಲಿ ಹೊರ್ತಾವ್ನೆ. ಅವನ್ ಜೊತೆ ಕುಂತು ಯಾರೂ ಉಣ್ತಿಲ್ಲ.'

'ನೀನೇ ಹೇಳ್ಬೋದಿತ್ತಲ್ಲೋ' ಎಂದೆ.

'ನಾನ್ ಹೇಳಿದ್ರೆ ನಿನ್ನ್ ಮೇಲೆ ಹೇಳ್ದಂಗಾಯ್ತದೆ. ನೀನ್ ಹೇಳಿದ್ರೆ ನಿಜ ಹೇಳ್ದಂಗಾಯ್ತದೆ. ಟೇಪಲ್ಲಿ ನಿನ್ನ್ ವಾಯ್ಸ್ ಐತೆ' ಎಂದವನೇ ಬಸ್ ನಿಲ್ದಾಣದ ಕಡೆ ನಡೆದ. ಆಮೇಲೆ ಐದು ವಾರ ನನ್ನೊಡನೆ ಮಾತಾಡಲಿಲ್ಲ. ನಾನೂ ಐದು ವಾರ ಗಣಿಯ ಕಡೆ ಹೋಗಲಿಲ್ಲ. ಬೀದಿಯ ತನಕ ಹೋಗಿ ವಾಪಸು ಬಂದ ದಿನಗಳನ್ನು ಲೆಕ್ಕ ಹಿಡಿಯುವುದಿಲ್ಲ.

ವೈಶಾಖದ ಅಮಾವಾಸ್ಯೆಯ ದಿನ ಹೋದೆ. ಅಮಾವಾಸ್ಯೆಯಂದು ಅವರು ಬಂಡೆಗೆ ಉಳಿ ಮುಟ್ಟಿಸುವುದಿಲ್ಲ. ಎಲ್ಲರೂ ಹಟ್ಟಿಯಲ್ಲೇ ಇರುತ್ತಾರೆ. ಬೇವಿನ ಮರದ ಕೆಳಗೆ ಮೇಸ್ತ್ರಿಯೂ ಐದಾರು ಜನ ಕಲ್ಲು ಒಡೆಯುವವರೂ ಕೂತಿದ್ದರು. ಗಂಗಮ್ಮ ಗುಡಿಸಲ ಗೋಡೆಗೆ ಒರಗಿ ಕೂತು, ಬಟ್ಟೆ ಸುತ್ತಿದ ಕಾಲನ್ನು ಒಂದು ಗೋಣಿಯ ಮೇಲೆ ಚಾಚಿದ್ದಳು. ಮುನಿಯಪ್ಪ ಅವರೆಲ್ಲರಿಂದ ದೂರ, ಒಬ್ಬನೇ ಇದ್ದ. ನಾನು ಏನೂ ಪೀಠಿಕೆ ಹಾಕದೆ ಟೇಪ್ ರೆಕಾರ್ಡರನ್ನು ಒಂದು ಕಲ್ಲಿನ ಮೇಲಿಟ್ಟು ಗುಂಡಿ ಒತ್ತಿದೆ.

ನನ್ನದೇ ದನಿ ಹೊತ್ತು ಹೇಳಿತು. ಕೂಗಬೇಡಿ ಎಂದಿತು. ಟವೆಲ್ ಬೀಸಿ ಎಂದಿತು. ಮುನಿಯಪ್ಪ 'ಕೂಗ್ದೆ ಹೆಂಗ್ ಸಾರ್' ಎಂದ. ಅಲ್ಲಿಯವರೆಗೆ ನನಗೆ ಎಲ್ಲವೂ ನೆನಪಿತ್ತು. ಬತ್ತಿ ಉದ್ದ ಬಿಡುತ್ತೇನೆ ಎಂದು ಅವನು ಹೇಳುವುದಕ್ಕೆ ಸ್ವಲ್ಪ ಮುಂಚೆ ಟೇಪಿನಲ್ಲಿ ನಾನು ನಗುತ್ತ, 'ಏನೂ ಆಗಲ್ಲ ಮುನಿಯಪ್ಪನವರೇ. ಏನಾದ್ರೂ ಆದ್ರೆ ನಾನಿದ್ದೀನಿ, ನಾನ್ ಹೇಳ್ತೀನಿ' ಎಂದೆ.

ಆ ಮಾತನ್ನು ನಾನು ಪೂರ್ತಿ ಮರೆತಿದ್ದೆ. ನಿದ್ದೆಯಿಲ್ಲದ ಅಷ್ಟು ರಾತ್ರಿಗಳಲ್ಲಿ ಒಮ್ಮೆಯೂ ಅದು ನೆನಪಾಗಿರಲಿಲ್ಲ. ಮುನಿಯಪ್ಪ ಮರೆತಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಮುಖವನ್ನು ಯಾಕೆ ಅಷ್ಟು ಹೊತ್ತು ನೋಡಿದ ಎಂಬುದು ಆಗ ತಿಳಿಯಿತು. ಮೇಸ್ತ್ರಿ ಪಕ್ಕಕ್ಕೆ ತಿರುಗಿ ಉಗುಳಿದ. ಟೇಪು ಓಡುತ್ತಲೇ ಇತ್ತು. ಮೂಳೆ ಮುರಿಯಿತು. ಗುನುಗು, ಬಳೆ, ಹೆಜ್ಜೆ ಬಂದವು. ನಾನು ಗಡಿಯಾರ ನೋಡಿದೆ. ನನ್ನ ಕಿರುಚು ಬಂದದ್ದು ಮೂರು ಸೆಕೆಂಡಿಗಲ್ಲ, ಒಂಬತ್ತಕ್ಕೆ.

ಸಿಡಿತದ ಸದ್ದು ಬರುವ ಮುಂಚೆ ಯಾರೋ ಗುಂಡಿ ಒತ್ತಿ ನಿಲ್ಲಿಸಿದರು. ಗಂಗಮ್ಮ ಕೇಳಿದಳು.

'ನಾನು ಹಾಡ್ಕಂಡ್ ಬತ್ತಿದ್ನಾ?'

'ಹೂಂ.'

'ಇನ್ನೊಂದ್ ಸಲ ಹಾಕು.'

ಹಾಕಿದೆ. ಅವಳು ಕತ್ತು ಓರೆ ಮಾಡಿ ತನ್ನ ಗುನುಗನ್ನು ಕೊನೆಯವರೆಗೂ ಕೇಳಿದಳು. ಆಮೇಲೆ ನನ್ನನ್ನು ನೋಡಿ, 'ಇದ್ನ ಇಲ್ಲಿ ಯಾಕ್ ಹಾಕ್ತೀಯ? ನಮ್ಮಿಬ್ರಿಗೂ ಗೊತ್ತಿರೋದೇ. ಪೊಲೀಸ್ನೋರ ತಾವ ಹಾಕು, ಓಗು' ಎಂದಳು. ಅವಳು ನನಗೆ ಮರ್ಯಾದೆಯ ಮಾತು ಬಿಟ್ಟು ಮಾತಾಡಿದ್ದು ಅದೇ ಮೊದಲು.

'ಬುಡಮ್ಮಿ, ಬಂದವ್ರೆ' ಎಂದ ಮುನಿಯಪ್ಪ. 'ಬೆಂಕಿ ಮುಟ್ಸಿದ್ದು ನಾನೇ ತಾನೆ. ಕೂಗು ಅಂದ್ರೇನು ಅಂತ ಅವ್ರಿಗೆ ಗೊತ್ತಿರ್ನಿಲ್ಲ, ನಂಗ್ ಗೊತ್ತಿತ್ತು.'

'ಬುಡಕ್ಕೇನೈತೆ? ಕಾಲು ನಂದು' ಎಂದಳು ಗಂಗಮ್ಮ.

ಅವತ್ತೇ ಠಾಣೆಗೆ ಹೋದೆ. ಹೆಡ್ ಕಾನ್‌ಸ್ಟೇಬಲ್ ಟೇಪನ್ನು ಎರಡು ಸಲ ಕೇಳಿ, 'ಓದಿದೋರು ನೀವು. ಅವತ್ತೇ ಹೇಳಕ್ಕೇನಾಗಿತ್ರೀ?' ಎಂದು ಮಾತ್ರ ಕೇಳಿದರು. ಸಂಜೆಯವರೆಗೆ ಕೂರಿಸಿ ಹೊಸ ಹೇಳಿಕೆ ಬರೆಸಿಕೊಂಡರು. ಓದಿ ಸಹಿ ಹಾಕಿದೆ. ಟೇಪನ್ನು ಲಕೋಟೆಗೆ ಹಾಕಿ ಅರಗು ಒತ್ತಿ ಇಟ್ಟುಕೊಂಡರು. ಮುಂದೆ ಕೇಸು ನಡೆದು ನಾನು ಕಟಕಟೆ ಹತ್ತಿದ್ದು, ಆ ವರ್ಷದ ಸೀಟು ಹೋದದ್ದು ಬೇರೆ ಮಾತು. ನಯಾಜ್ ತೆಗೆದ ಚಿತ್ರವನ್ನು ಯಾವ ಸ್ಪರ್ಧೆಗೂ ಕಳಿಸಲಿಲ್ಲ. ಅದರಲ್ಲಿ ಗಿಡುಗ ಎಷ್ಟು ಚೆನ್ನಾಗಿ ಬಂದಿತ್ತೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಠಾಣೆಯ ಹೊರಗೆ ಅವನು ಮೊಪೆಡ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಹಟ್ಟಿಯಿಂದ ಯಾರೋ ಹೇಳಿಕಳಿಸಿದ್ದರು. 'ಊಟ ಮಾಡ್ದೇನ್ಲಾ?' ಎಂದ. ಇಲ್ಲ ಎಂದೆ. ಒಂದು ಹೋಟೆಲಿನಲ್ಲಿ ಎರಡು ಇಡ್ಲಿ ತಿನ್ನಿಸಿ ಬಸ್ಸು ಹತ್ತಿಸಿದ.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಅಪ್ಪನಿಗೆ ನಡೆದದ್ದನ್ನೆಲ್ಲ ನಿಂತುಕೊಂಡೇ ಹೇಳಿದೆ. ಅವರು ಎದ್ದು ಹೊರಗೆ ಹೋದರು. ಅಮ್ಮ ಹಾಕಿದ ಚಾಪೆಯ ಮೇಲೆ ಚಪ್ಪಲಿ ಕಳಚಿದ ಕಾಲನ್ನೂ ತೊಳೆಯದೆ ಮಲಗಿದೆ. ಎಣಿಸಲು ಶುರುಮಾಡಿದ್ದು ನೆನಪಿದೆ. ಒಂಬತ್ತರವರೆಗೆ ಹೋದದ್ದು ನೆನಪಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಎದುರು ಗೋಡೆಯ ಅರ್ಧಕ್ಕೆ ಇಳಿದಿತ್ತು. ಏಳು ವಾರದಲ್ಲಿ ಮೊದಲ ಸಲ ಇಡೀ ರಾತ್ರಿ ಮಲಗಿದ್ದೆ. ಅಮ್ಮ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು, ಯಾವಾಗಿನಿಂದ ಕೂತಿದ್ದಳೋ.

'ಎಷ್ಟ್ ಕೂಗುದ್ರೂ ಓ ಅನ್ನಲಿಲ್ವಲ್ಲೋ' ಎಂದಳು. 'ಮೂಗಿನ ತಾವ ಕೈಯಿಟ್ಟು ನೋಡ್ದೆ.'